ಟ್ರಾಕ್ಟರಿನ ಇಂಜಿನ್ನಿನ ಹಿಂಬದಿಯ ಆಯಿಲ್ ಸೀಲು: ಬಿಚ್ಚುವುದಕ್ಕೆ ಮುಂಚೆ ಪರೀಕ್ಷಿಸತಕ್ಕ ವಿಷಯಗಳೂ ಬದಲಾಯಿಸುವ ಕ್ರಮವೂ

ಟ್ರಾಕ್ಟರನ್ನಿಟ್ಟುಕೊಂಡು ಬೇಸಾಯ ಮಾಡುವ ಭೂಮಾಲೀಕರೂ, ಅವರಿಗೆ ಸಲಹೆ ಹೇಳತಕ್ಕ ಗ್ರಾಮದ ಮುಖಂಡರೂ ಈ ಕೆಳಗಿನ ವಿಷಯಗಳನ್ನು ಗಮನಿಸಬೇಕೆಂದು ಕೋರಲಾಗಿದೆ.

ಇಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟು ಹಿಂಬದಿಯಿಂದ ಹೊರಗೆ ಬಂದು ಫ್ಲೈವೀಲನ್ನು ಹೊತ್ತಿರುವುದು. ಅದು ಹೊರಬರುವ ಸ್ಥಳದಲ್ಲಿ ಆಯಿಲು ಸೋರದಂತೆ ತಡೆಯುವ ಉಂಗುರವೇ ಆಯಿಲ್ ಸೀಲು. ಅದರ ತೆಳುವಾದ ತುಟಿಯು ಶಾಫ್ಟನ್ನು ಅಪ್ಪಿಕೊಂಡಿರುತ್ತದೆ. ಸಾಧಾರಣವಾಗಿ ತುಟಿಯ ಬೆನ್ನಿಗೆ ಸಣ್ಣದೊಂದು ಸುರುಳಿ ಸ್ಪ್ರಿಂಗು ಇರುವುದು. ಈ ಪದಾರ್ಥದ ಬೆಲೆ ಅಲ್ಪವೇ. ಆದರೆ ಅದನ್ನು ಮುಟ್ಟಬೇಕಾದರೆ ಟ್ರಾಕ್ಟರನ್ನು ನಡುವಿನಲ್ಲಿ ಎರಡು ಭಾಗವಾಗಿ ಬೇರ್ಪಡಿಸಬೇಕು. ಬೇರೆ ಚೌಕಟ್ಟಿಲ್ಲದೆ ಇಂಜಿನ್, ಗೇರ್ ಬಾಕ್ಸ್, ಹಿಂದಿನ ಆಕ್ಸಲಿನ ಪೆಟ್ಟಿಗೆ ಇವುಗಳನ್ನೇ ಒಂದಕ್ಕೊಂದು ಬೋಲ್ಟಿನಿಂದ ಬಿಗಿದು ಗಾಡಿಯನ್ನು ಕಟ್ಟುವ ಪದ್ಧತಿಯು 1917ರಲ್ಲಿ ಅಮೆರಿಕೆಯಲ್ಲಿ ತಯಾರಾದ ಫೋರ್ಡ್‌ಸನ್ ಟ್ರಾಕ್ಟರಿನಿಂದ ಹೆಚ್ಚಾಗಿ ಪ್ರಚಾರಕ್ಕೆ ಬಂದಿತು. ನಮ್ಮ ಹೊಲಗಳಲ್ಲಿ ಓಡುವ ಬಹುಪಾಲು ಟ್ರಾಕ್ಟರುಗಳೂ ಇದೇ ತರಹದವು. ಆದುದರಿಂದ ಸೀಲಿನ ಬೆಲೆಗಿಂತ ಕೂಲಿಯೂ, ಗಾಡಿ ನಿಂತ ದಿನಗಳ ನಷ್ಟವೂ ಎಷ್ಟೋ ಪಾಲು ಅಧಿಕವಾಗುವುವು. ಸೋರುವುದು ನಿಜವಾಗಿ ಈ ಸೀಲೇ ಹೌದೋ ಅಲ್ಲವೋ ಎಂದು ಗೊತ್ತುಮಾಡಿಕೊಳ್ಳದೆ ಗಾಡಿಯನ್ನು ಬಿಚ್ಚಕೂಡದು.

ಕ್ಲಚ್ ಇರುವ ಪೆಟ್ಟಿಗೆಯ ತಳದಲ್ಲಿ ಅನೇಕ ಟ್ರಾಕ್ಟರುಗಳಿಗೆ ಸಣ್ಣ ರಂಧ್ರವಿರುವುದು. ಸೀಲು ಕೆಟ್ಟರೆ ಆಯಿಲು ಅಲ್ಲಿಂದ ತೊಟ್ಟಿಕ್ಕುತ್ತದೆ. ಕೆಲವರು ಈ ರಂಧ್ರಕ್ಕೆ ಕಡ್ಡಿಯನ್ನೋ ಬಟ್ಟೆಯನ್ನೋ ತುರುಕಿ ಸೋರಿಕೆ ನಿಂತಿತೆಂದು ಸಮಾಧಾನಪಡುವುದುಂಟು. ಇದು ಬಹಳ ಹಾನಿಕರ. ಹೊರಗೆ ಹೋಗಬೇಕಾದ ಆಯಿಲು ಒಳಗೇ ನಿಂತು ಕ್ಲಚ್ ಪ್ಲೇಟನ್ನು ನೆನೆಸುವುದು. ತೊಟ್ಟಿಕ್ಕಿದುದನ್ನು ಬಿಳಿಯ ಬಟ್ಟೆಯ ಮೇಲೆ ಹಿಡಿದು ನೋಡಬೇಕು. ಡೀಸೆಲ್ ಇಂಜಿನ್ನಿನಲ್ಲಿ ಓಡಿದ ಆಯಿಲು ಮಸಿಯಿಂದ ಕಪ್ಪಾಗಿರುತ್ತದೆ. ಕಂದು ಬಣ್ಣವಾಗಿ, ಮಂದವಾಗಿ, ಘಾಟು ವಾಸನೆಯಿದ್ದರೆ ಅದು ಗೇರ್ ಬಾಕ್ಸಿನದು. ಆಗ ಕೆಟ್ಟಿರುವ ಸೀಲೇ ಬೇರೆ. ಮೇಲಿನ ಮುಚ್ಚಳದ ಪ್ಯಾಕಿಂಗಿನಿಂದ ಜಿನುಗಿದ ಆಯಿಲೂ ಇಂಜಿನ್ನಿನ ಬೆನ್ನಿನ ಮೇಲೆ ಇಳಿದು ತಳದಲ್ಲಿ ಕಾಣಿಸಿಕೊಳ್ಳಬಹುದು. ಹೊರಮೈಯನ್ನೆಲ್ಲ ತೊಳೆದು, ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಸವರಿ, ಅರ್ಧ ಘಂಟೆ ಇಂಜಿನನ್ನು ಓಡಿಸಿ ನಿಲ್ಲಿಸಿದರೆ ಒದ್ದೆಯ ಗೆರೆ ಎಲ್ಲಿಂದ ಹೊರಟಿದೆಯೆಂಬುದು ತಾನಾಗಿಯೇ ತಿಳಿಯುವುದು.

ಸೀಲೇ ಕೆಟ್ಟಿದೆಯೆಂದು ಗೊತ್ತಾದರೂ ಏತಕ್ಕೆ ಕೆಟ್ಟಿತೆಂದು ವಿಚಾರಿಸಬೇಕು. ಇಂಜಿನ್ನಿನೊಳಗಿನ ಹಬೆ ಹೊರಹೋಗಲು ಬ್ರೀದರ್ ಎಂಬ ಕೊಳವೆಯಿದೆ. ಅದು ಧೂಳಿನಿಂದ ಮುಚ್ಚಿಹೋದರೆ ಒಳಗೆ ಒತ್ತಡ ಬೆಳೆದು, ಒಳ್ಳೆಯ ಸೀಲಿನ ತುಟಿಯನ್ನೂ ದಾಟಿ ಆಯಿಲು ಹೊರಬೀಳುವುದು. ಕೊಳವೆಯನ್ನು ಶುಚಿಮಾಡಿದ ಮಾತ್ರಕ್ಕೆ ಸೋರಿಕೆ ನಿಂತರೆ ಟ್ರಾಕ್ಟರನ್ನು ಬಿಚ್ಚುವ ಖರ್ಚೇ ತಪ್ಪಿತು. ಕೊಳವೆ ಶುಚಿಯಾಗಿದ್ದೂ ಅದರಿಂದ ಹೊಗೆ ರಭಸವಾಗಿ ಬರುತ್ತಿದ್ದರೆ ಪಿಸ್ಟನ್ ರಿಂಗುಗಳು ಸವೆದಿರುವುದು ಸಂಭವ. ಅವನ್ನು ಸರಿಪಡಿಸದೆ ಹಾಕಿದ ಹೊಸ ಸೀಲು ಹೆಚ್ಚು ಕಾಲ ನಿಲ್ಲಲಾರದು.

ಬಿತ್ತನೆಯ ಹದದಲ್ಲಿ ಸೋರಿಕೆ ಕಂಡರೆ ಏನು ಮಾಡಬೇಕೆಂದು ರೈತರು ಕೇಳುವುದು ಸಹಜ. ಬರಿಯ ಜಿನುಗಾಗಿದ್ದು, ಕ್ಲಚ್ ಜಾರದೆ ಇದ್ದಲ್ಲಿ, ಪ್ರತಿದಿನವೂ ಕಡ್ಡಿಯಿಂದ ಆಯಿಲಿನ ಮಟ್ಟವನ್ನು ನೋಡಿ ತುಂಬುತ್ತ ಬಿತ್ತನೆಯನ್ನು ಮುಗಿಸಿಕೊಳ್ಳುವುದೇ ಲೇಸು. ಧಾರೆಯಾಗಿ ಸೋರುತ್ತಿದ್ದರೆ, ಅಥವಾ ನೇಗಿಲು ಎಳೆಯುವಾಗ ಇಂಜಿನ್ ವೇಗವಾಗಿ ತಿರುಗಿದರೂ ಗಾಡಿ ಮುಂದಕ್ಕೆ ಹೋಗದಿದ್ದರೆ, ತಡಮಾಡಕೂಡದು. ಆಯಿಲು ಬತ್ತಿದ ಇಂಜಿನ್ನಿನ ಬೇರಿಂಗುಗಳು ಸುಟ್ಟುಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಬಿಚ್ಚುವ ಕೆಲಸವನ್ನು ಅನುಭವವುಳ್ಳ ಮೇಸ್ತ್ರಿಯಿಂದಲೇ, ಗಟ್ಟಿಯಾದ ಸಮನೆಲದ ಮೇಲೆ ಮಾಡಿಸತಕ್ಕದ್ದು. ಮೊದಲು ಬ್ಯಾಟರಿಯ ತಂತಿಯನ್ನು ತೆಗೆಯಬೇಕು. ಮುಂದಿನ ಆಕ್ಸಲು ನಡುವಿನ ಗೂಟದ ಮೇಲೆ ಎಡಕ್ಕೂ ಬಲಕ್ಕೂ ಓಲಾಡುವಂತೆ ಕಟ್ಟಿರುವುದರಿಂದ, ಹಿಂದಿನ ಭಾಗ ಬೇರ್ಪಟ್ಟೊಡನೆ ಇಂಜಿನ್ ಪಕ್ಕಕ್ಕೆ ಉರುಳಿಬೀಳುವ ಅಪಾಯವಿದೆ. ಆಕ್ಸಲಿಗೂ ಇಂಜಿನ್ನಿಗೂ ನಡುವೆ ಎರಡೂ ಕಡೆ ಗಟ್ಟಿ ಮರದ ಬೆಣೆಗಳನ್ನು ಹೊಡೆದ ಹೊರತು ಒಂದು ಬೋಲ್ಟನ್ನೂ ಸಡಿಲಿಸಕೂಡದು. ಎರಡು ಭಾಗಗಳಿಗೂ ಬೇರೆ ಬೇರೆ ಸ್ಟ್ಯಾಂಡುಗಳಿರಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ನುಸುಳಬಾರದು. ಹುಡುಗರನ್ನು ದೂರವಿಡಬೇಕು.

ಫ್ಲೈವೀಲು ಬಹಳ ಭಾರ. ಅದು ಇದ್ದ ಸ್ಥಾನಕ್ಕೆ ಗುರುತುಮಾಡಿ ಇಬ್ಬರು ಹಿಡಿದು ಇಳಿಸಬೇಕು. ಹಳೆಯ ಸೀಲನ್ನು ಕೀಳುವಾಗ ಉಳಿಯು ಶಾಫ್ಟಿಗೆ ತಾಕಿ ಗೀರು ಬಿದ್ದರೆ ಆ ಗೀರಿನಲ್ಲೇ ಆಯಿಲು ಹರಿಯುವುದು. ತುಟಿ ಉಜ್ಜುತ್ತಿದ್ದ ಜಾಗದಲ್ಲಿ ಉಗುರನ್ನು ಅಡ್ಡಲಾಗಿ ಎಳೆದು ನೋಡಬೇಕು. ಉಗುರು ಸಿಕ್ಕಿಕೊಂಡರೆ ಶಾಫ್ಟು ಸವೆದು ಕಾಲುವೆಯಾಗಿದೆಯೆಂದು ಅರ್ಥ. ಆಗ ತೆಳುವಾದ ಉಕ್ಕಿನ ತೋಳನ್ನು ಶಾಫ್ಟಿಗೆ ತೊಡಿಸಬೇಕು, ಇಲ್ಲವೆ ಜಾಗವಿದ್ದಲ್ಲಿ ಹೊಸ ಸೀಲನ್ನು 1-2 ಮಿಲಿಮೀಟರ್ ಸರಿಸಿ ಕೂರಿಸಬೇಕು.

ಹೊಸ ಸೀಲನ್ನು ಕೊಳ್ಳುವಾಗ ಹಳೆಯದನ್ನು ಜೊತೆಯಲ್ಲಿ ಒಯ್ದು, ಒಳ ಅಳತೆ, ಹೊರ ಅಳತೆ, ದಪ್ಪ ಈ ಮೂರನ್ನೂ ಹೋಲಿಸಬೇಕು. ಸಾಧಾರಣ ನೈಟ್ರೈಲ್ ರಬ್ಬರು ಸುಮಾರು 100 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನೂ, ಫ್ಲೋರೋ ರಬ್ಬರು ಸುಮಾರು 200 ಡಿಗ್ರಿಯನ್ನೂ ತಡೆಯುವುವು. ಬಣ್ಣವನ್ನು ನೋಡಿ ಜಾತಿಯನ್ನು ನಿರ್ಧರಿಸುವುದು ಸಲ್ಲದು. ಕೂರಿಸುವಾಗ ಸ್ಪ್ರಿಂಗಿರುವ ಮುಖವು ಆಯಿಲಿನ ಕಡೆಗೆ, ಎಂದರೆ ಇಂಜಿನ್ನಿನ ಒಳಮುಖವಾಗಿರಬೇಕು. ರಬ್ಬರಿನ ತುಟಿಗೆ ಶುದ್ಧವಾದ ಇಂಜಿನ್ ಆಯಿಲನ್ನು ಸವರಬೇಕು. ಟೆಫ್ಲಾನ್ ತುಟಿಯ ಸೀಲುಗಳನ್ನು ಮಾತ್ರ ಸಾಮಾನ್ಯವಾಗಿ ಒಣಗಿದ್ದ ಹಾಗೆಯೇ ಹಾಕುವುದು; ಪೊಟ್ಟಣದ ಮೇಲಿನ ಸೂಚನೆಯನ್ನು ಓದಿಸಿಕೊಳ್ಳಬೇಕು. ಸುತ್ತಿಗೆಯಿಂದ ಒಂದೇ ಕಡೆ ಬಡಿದರೆ ಸೀಲು ಓರೆಯಾಗಿ ಸ್ಪ್ರಿಂಗು ಕಳಚುವುದು. ಸರಿಯಾದ ಅಳತೆಯ ಬಳೆಯನ್ನಿಟ್ಟು ಸುತ್ತಲೂ ಸಮನಾಗಿ ಮೆಲ್ಲಗೆ ತಟ್ಟತಕ್ಕದ್ದು.

ಆಯಿಲು ಕುಡಿದ ಕ್ಲಚ್ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಮೇಸ್ತ್ರಿಗಳಿದ್ದಾರೆ. ಕಾದೊಡನೆ ಒಳಗಿನ ಆಯಿಲು ಪುನಃ ಮೇಲೇಳುವುದರಿಂದ ಈ ಉಳಿತಾಯ ನಿಷ್ಪ್ರಯೋಜಕ. ಹೊಸ ಪ್ಲೇಟನ್ನೇ ಹಾಕಿಸಬೇಕು. ಗಾಡಿ ಹೇಗೂ ಬಿಚ್ಚಿರುವಾಗ ಕ್ಲಚ್ ಬೇರಿಂಗನ್ನೂ ತಿರುಗಿಸಿ ನೋಡಿ, ಸದ್ದು ಬಂದರೆ ಆಗಲೇ ಬದಲಾಯಿಸುವುದು ಒಳ್ಳೆಯದು. ಫ್ಲೈವೀಲಿನ ಬೋಲ್ಟುಗಳನ್ನು ಎದುರುಬದುರಾಗಿ, ಆ ಟ್ರಾಕ್ಟರಿನ ಕೈಪಿಡಿಯಲ್ಲಿ ಕಾಣಿಸಿದಷ್ಟೇ ಬಿಗಿಯಬೇಕು.

ಜೋಡಿಸಿದ ಮೇಲೆ ಬೆಣೆಗಳನ್ನು ತೆಗೆದು, ಆಯಿಲನ್ನು ಮಟ್ಟಕ್ಕೆ ತುಂಬಿ, ಅರ್ಧ ಘಂಟೆ ನಿಧಾನವಾಗಿ ಓಡಿಸಿ ತಳದ ರಂಧ್ರವನ್ನು ನೋಡಬೇಕು. ಒಂದು ದಿನ ಉತ್ತ ನಂತರ ಮತ್ತೊಮ್ಮೆ ನೋಡಿ, ಸೀಲು ಹಾಕಿದ ತಾರೀಖನ್ನೂ ಅಳತೆಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡತಕ್ಕದ್ದು.