ಕಬ್ಬಿಣವನ್ನು ಕಾಯುವ ಖನಿಜ ವರ್ಣದ್ರವ್ಯಗಳು

ಹೈದರಾಬಾದಿನ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ವಸ್ತುಗಳನ್ನೂ ಔಷಧಗಳನ್ನೂ ತಯಾರಿಸುವ ಅನೇಕ ಕಾರ್ಖಾನೆಗಳಿವೆ. ಇಂತಹ ಕಾರ್ಖಾನೆಗಳ ಉಕ್ಕಿನ ಟ್ಯಾಂಕು, ಕೊಳವೆ ಹಾಗೂ ಏಣಿಗಳಿಗೆ ಮಳೆಯ ತೇವದೊಡನೆ ಆಮ್ಲದ ಆವಿಯೂ ತಗಲುವ ಸಂಭವವುಂಟು. ತುಕ್ಕು ಹಿಡಿದ ಏಣಿಯ ಒಂದು ಮೆಟ್ಟಿಲು ಮುರಿದರೂ ಕಾರ್ಮಿಕನ ಪ್ರಾಣಕ್ಕೆ ಅಪಾಯ. ಆದುದರಿಂದ ಉಕ್ಕಿಗೆ ಬಳಿಯುವ ಬಣ್ಣ ಕೇವಲ ಅಲಂಕಾರವಲ್ಲ, ಅದೊಂದು ರಕ್ಷಾಕವಚ.

ಕಬ್ಬಿಣವು ನೀರು ಮತ್ತು ಆಮ್ಲಜನಕದೊಡನೆ ಸೇರಿದಾಗ ತುಕ್ಕು ಉಂಟಾಗುತ್ತದೆ. ಇದನ್ನು ತಡೆಯಲು ಬಣ್ಣದಲ್ಲಿ ಬೆರೆಸುವ ವರ್ಣದ್ರವ್ಯಗಳು ಮೂರು ಬಗೆಯಲ್ಲಿ ಕೆಲಸ ಮಾಡುತ್ತವೆ. ಮೊದಲನೆಯದು ಅಡ್ಡಗೋಡೆಯ ಬಗೆ. ಅಭ್ರಕದಂತೆ ತೆಳುಹಾಳೆಗಳಾಗಿರುವ ಕಬ್ಬಿಣದ ಆಕ್ಸೈಡ್ ಖನಿಜವು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹಾಸಿಕೊಂಡು ತೇವದ ದಾರಿಯನ್ನು ದೂರವಾಗಿಸುತ್ತದೆ. ಎರಡನೆಯದು ತುಕ್ಕಿನ ಕ್ರಿಯೆಯನ್ನೇ ಕುಂಠಿತಗೊಳಿಸುವ ಬಗೆ. ಸತುವಿನ ಫಾಸ್ಫೇಟ್ ತೇವದಲ್ಲಿ ಅತ್ಯಲ್ಪವಾಗಿ ಕರಗಿ, ಉಕ್ಕಿನ ಮೇಲೆ ತೆಳುವಾದ ರಕ್ಷಕ ಪದರವನ್ನು ನಿರ್ಮಿಸುತ್ತದೆ. ಮೂರನೆಯದರಲ್ಲಿ ಸತುವಿನ ಪುಡಿಯು ಉಕ್ಕಿಗೆ ಬದಲಾಗಿ ತಾನೇ ಸವೆಯುತ್ತದೆ. ಆದರೆ ಆಮ್ಲವು ಸತುವನ್ನು ಬೇಗನೆ ಕರಗಿಸುವುದರಿಂದ, ಆಮ್ಲದ ಆವಿಯಿರುವೆಡೆ ಅದರ ಮೇಲೆ ಎಪಾಕ್ಸಿಯಂತಹ ತಡೆಪದರ ಅವಶ್ಯ.

ಹಿಂದೆ ಕಿತ್ತಳೆಗೆಂಪು ಬಣ್ಣದ ರೆಡ್ ಲೆಡ್ ಹಾಗೂ ಹಳದಿಯ ಸತುವಿನ ಕ್ರೋಮೇಟ್ ಬಹಳವಾಗಿ ಬಳಕೆಯಲ್ಲಿದ್ದವು. ಇವು ಕಬ್ಬಿಣವನ್ನು ಚೆನ್ನಾಗಿ ಕಾಯುತ್ತಿದ್ದವು, ಆದರೆ ಮನುಷ್ಯನನ್ನು ಕಾಯಲಿಲ್ಲ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಕ್ರೋಮೇಟಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಭಾರತ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳಂತೆ, ಮನೆಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಗಳನ್ನು ಮೀರುವಂತಿಲ್ಲ. ಆದರೆ ಹಳೆಯ ಕಿಟಕಿಯ ಸರಳು, ಗೇಟು, ಟ್ಯಾಂಕುಗಳ ಮೇಲೆ ಹಿಂದಿನ ಪದರಗಳು ಇನ್ನೂ ಉಳಿದಿರಬಹುದು.

ಆದಕಾರಣ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದು, ಸುಟ್ಟು ತೆಗೆಯಲೂಬಾರದು. ನೀರು ಚಿಮುಕಿಸಿ, ಧೂಳನ್ನು ತಡೆಯಬಲ್ಲ ಮುಖಗವಸು ಧರಿಸಿ ಕೆರೆಯಬೇಕು, ಮಕ್ಕಳನ್ನು ದೂರವಿಡಬೇಕು, ಉದುರಿದ ಚೂರುಗಳನ್ನು ಕೂಡಿಸಿ ತೆಗೆಯಬೇಕು. ತುಕ್ಕು ಮತ್ತು ಜಿಡ್ಡನ್ನು ಸಂಪೂರ್ಣವಾಗಿ ತೆಗೆದು, ಮೇಲ್ಮೈ ಒಣಗಿದ ನಂತರವೇ ಪ್ರೈಮರ್ ಬಳಿಯತಕ್ಕದ್ದು. ಅಂಗಡಿಯಲ್ಲಿ ದೊರೆಯುವ ಕೆಂಪು ಪ್ರೈಮರುಗಳೆಲ್ಲವೂ ಒಂದೇ ಅಲ್ಲ. ಕೇವಲ ರೆಡ್ ಆಕ್ಸೈಡ್ ಬಣ್ಣ ನೀಡುತ್ತದೆಯೇ ಹೊರತು ತುಕ್ಕಿನ ಕ್ರಿಯೆಯನ್ನು ತಡೆಯುವುದಿಲ್ಲ. ಆದುದರಿಂದ ಕೊಳ್ಳುವವರು ಡಬ್ಬಿಯ ಬಣ್ಣವನ್ನಷ್ಟೇ ನೋಡದೆ, ಅದರ ಮೇಲಿನ ವಿವರವನ್ನೂ ಓದುವುದು ಲೇಸು.