ಉತಾರ ಓದುವ ಕಣ್ಣಲ್ಲೇ ಕಾಯ್ದೆ ಓದು

ತಂಗೀ, ಹೋದ ರವಿವಾರ ನೀನು ಅಪ್ಪನ ಜೊತೆ ರಾಯಬಾಗದಿಂದ ಮನೆಗೆ ಬಂದಾಗ ನಿನ್ನ ಚೀಲದಲ್ಲಿ ಮೂರು ಗೈಡು ಇದ್ದವು, ಕಾಯ್ದೆಯ ಮೂಲ ಪಠ್ಯವಿರುವ ಬೇರ್ ಆ್ಯಕ್ಟ್ ಒಂದೂ ಇರಲಿಲ್ಲ. "ಬಾರ್ ಪರೀಕ್ಷೆಗೆ ಇಷ್ಟು ಸಾಕೇನ್ರಿ ಕಾಕಾ?" ಎಂದು ಕೇಳಿದೆ. ಅಷ್ಟರಲ್ಲಿ ಚಹಾ ಬಂತು, ಮಾತು ಕಬ್ಬಿನ ಬಿಲ್ಲಿನ ಕಡೆ ಹೊರಳಿತು. ಅಂದು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡದಲ್ಲಿ ನಿನ್ನ ಹಾಗೆಯೇ ಓದಲು ಕೂತ ಮಕ್ಕಳಿಗೂ ಇದನ್ನು ತೋರಿಸು.

ನಿಮ್ಮಪ್ಪ ಹೊಲದ ಉತಾರ ಓದುವುದನ್ನು ನೋಡಿದ್ದೀಯಲ್ಲ. 9ನೇ ಕಾಲಮ್ಮಿನಲ್ಲಿ ಯಾರ ಹೆಸರು, 10ರಲ್ಲಿ ಆ ಹೆಸರು ಹೇಗೆ ಬಂತು, 11ರಲ್ಲಿ ಸೊಸೈಟಿ ಸಾಲದ ಬೋಜಾ ಇಳಿದಿದೆಯೋ ಇಲ್ಲವೋ, 12ರಲ್ಲಿ ಯಾವ ಪೀಕು. ಒಂದು ಗುಂಟೆ ಹೆಚ್ಚುಕಡಿಮೆ ಕಂಡರೂ ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ಓದುತ್ತಾರೆ. ಉತಾರದ ಸಾರಾಂಶ ಬರೆದು ಕೊಡುತ್ತೇನೆಂದರೆ ಅವರು ಒಪ್ಪುವುದಿಲ್ಲ, ಮೂಲ ಕಾಗದವೇ ಬೇಕು. ಕಾಯ್ದೆಯ ಕಲಮನ್ನು ಓದಬೇಕಾದದ್ದೂ ಹೀಗೇ. ಯಾರಿಗೆ ಅನ್ವಯ, ಯಾವಾಗ ಅನ್ವಯ, ಅಪವಾದ ಏನು, ಕೆಳಗೆ ವಿವರಣೆ ಇದೆಯೇ. ದಿನಕ್ಕೆ ಹತ್ತೇ ಕಲಂ ಓದು, ಆದರೆ ಬಾಯಿಬಿಟ್ಟು ಓದು. ಇಂಗ್ಲಿಷಿನ ವಾಕ್ಯ ಉದ್ದವಿದ್ದರೆ ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕು, ಆಮೇಲೆ ಅದನ್ನೇ ಕನ್ನಡದಲ್ಲಿ ಅವ್ವನಿಗೆ ಹೇಳು. ಅವ್ವನಿಗೆ ತಿಳಿಯದಿದ್ದರೆ ನಿನಗೂ ಪೂರ್ತಿ ತಿಳಿದಿಲ್ಲವೆಂದು ಮತ್ತೊಮ್ಮೆ ಓದು.

ವಕೀಲಿಯ ಸನದು ಕೈಗೆ ಬಂದ ಮೊದಲ ವರ್ಷ ನಾನೊಂದು ದಾವೆ ಬರೆದೆ. ಖರೇದಿ ಪತ್ರದ ಮೊದಲ ಪುಟ ಓದಿ, ಕೊನೆಯ ಚಕಬಂದಿಯನ್ನು ಪಕ್ಷಗಾರ ಬಾಯಲ್ಲಿ ಹೇಳಿದಂತೆಯೇ ಬರೆದುಬಿಟ್ಟೆ. ಪೂರ್ವದ ಬಾಂದು ಪಶ್ಚಿಮಕ್ಕೆ ಹೋಗಿತ್ತು. ತಿದ್ದುಪಡಿ ಅರ್ಜಿ ಹಾಕಿ ಅದು ಸರಿಯಾಗುವವರೆಗೆ ಆ ಮುದುಕ ಬಸ್ಸು ಹಿಡಿದು ತಾರೀಖಿನಿಂದ ತಾರೀಖಿಗೆ ಅಲೆದ. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮೂಲ ಓದು, ಪೂರ್ತಿ ಓದು ಎಂದು ನಿನ್ನ ಬೆನ್ನು ಹತ್ತುವುದು ಅವನ ನೆನಪಿನಿಂದ.

ಇನ್ನು ಪರೀಕ್ಷೆಯ ಲೆಕ್ಕ. ಅಖಿಲ ಭಾರತ ಬಾರ್ ಪರೀಕ್ಷೆ 2011ರಲ್ಲಿ ಶುರುವಾಯಿತು, 2023ರ ಫೆಬ್ರುವರಿ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. 100 ಪ್ರಶ್ನೆ, ಮೂರೂವರೆ ತಾಸು. ತಪ್ಪು ಉತ್ತರಕ್ಕೆ ಅಂಕ ಕಡಿಯುವುದಿಲ್ಲ. ಸಾಮಾನ್ಯ ವರ್ಗಕ್ಕೆ 45, ಪರಿಶಿಷ್ಟರಿಗೆ 40 ಬಂದರೆ ಪಾಸು. ಟಿಪ್ಪಣಿಯಿಲ್ಲದ ಬೇರ್ ಆ್ಯಕ್ಟ್ ಒಳಗೆ ಒಯ್ಯಲು ಬಿಡುತ್ತಾರೆ. ಇದನ್ನೇ ನಂಬಿ ಅನೇಕರು ಮೋಸಹೋಗುತ್ತಾರೆ. ಒಂದು ಪ್ರಶ್ನೆಗೆ ಸಿಗುವುದು ಎರಡು ನಿಮಿಷ ಚಿಲ್ಲರೆ. ಮೊದಲು ಮುಟ್ಟಿ ನೋಡದ ಪುಸ್ತಕದಲ್ಲಿ ಕಲಂ ಹುಡುಕುವಷ್ಟರಲ್ಲೇ ಅದು ಮುಗಿದುಹೋಗುತ್ತದೆ. ಸಂವಿಧಾನ, ದಿವಾಣಿ ಪ್ರಕ್ರಿಯೆ, ಅಪರಾಧ ಪ್ರಕ್ರಿಯೆ ತಲಾ 10. ದಂಡಸಂಹಿತೆ, ಸಾಕ್ಷ್ಯ, ಕುಟುಂಬ ಕಾನೂನು, ಕರಾರು ಮತ್ತು ಆಸ್ತಿ ತಲಾ 8. ಇಷ್ಟಕ್ಕೇ 62 ಆಯಿತು. ಈ ಏಳರ ಪುಟಗಳು ನಿನ್ನ ಬೆರಳಿಗೆ ರೂಢಿಯಾಗಲಿ.

ನಿನ್ನ ಗೈಡುಗಳಲ್ಲಿ ಒಂದು ಹಳೆಯದು, ಅದನ್ನು ಬದಿಗಿಡು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಹಳೆಯ ದಂಡಸಂಹಿತೆಯ 511 ಕಲಮಿನ ಜಾಗದಲ್ಲಿ 358 ಆಗಿವೆ. ಕೊಲೆಯ 302 ಈಗ 103. ವಂಚನೆಯ 420, ನಾವು ಬೈಗುಳ ಮಾಡಿಕೊಂಡ ಚಾರ್‌ಸೋಬೀಸ್ ಈಗ 318. ಆದರೆ ಆ ದಿನಕ್ಕೂ ಮುಂಚಿನ ಅಪರಾಧಗಳ ಖಟ್ಲೆ ಹಳೆಯ ಸಂಹಿತೆಯಡಿಯೇ ನಡೆದಿವೆ. ಹಾಗಾಗಿ ಎರಡನ್ನೂ ಎದುರುಬದುರು ಬರೆದು ಗೋಡೆಗೆ ಅಂಟಿಸಿಕೋ.

ಪಟ್ಟಣದ ಹುಡುಗರ ಇಂಗ್ಲಿಷ್ ಕೇಳಿ ನೀನು ಕುಗ್ಗಿದ್ದೀ ಎಂದು ಅಪ್ಪ ಹೇಳಿದರು. ಅವರು ಪುಸ್ತಕದಲ್ಲಿ ಓದುವುದನ್ನು ನೀನು ಮನೆಯಲ್ಲೇ ಕಂಡಿದ್ದೀಯಲ್ಲ. ನಿನ್ನ ಸೋದರತ್ತೆಯನ್ನು ಮಿರಜಿಗೆ ಕೊಟ್ಟಿದ್ದಾರೆ. ಮನೆತನದ ಆಸ್ತಿಯ ವಾಟ್ನಿಯಲ್ಲಿ ಅವಳಿಗೆ ಪಾಲು ಇದೆಯೇ ಎಂಬ ಜಗಳ ನೀನು ಹುಟ್ಟುವ ಮೊದಲಿನದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿಯಲ್ಲಿ ಆ ಷರತ್ತು ಇಲ್ಲ. ಅಂದು ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಾಯಿತು. ಈ ಮೂರು ತಾರೀಖನ್ನು ಅತ್ತೆಯ ಬದುಕಿಗೆ ಜೋಡಿಸಿ ಓದಿದರೆ ಮರೆಯುವುದುಂಟೇ?

ಬಾರ್ ಪರೀಕ್ಷೆಯಲ್ಲಿ ಬೌದ್ಧಿಕ ಆಸ್ತಿಗೆ ಎರಡೇ ಅಂಕ, ಎಲ್ಲರೂ ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ, ಅದು ಚಪ್ಪಲಿ ಮಾಡುವ ಅಥಣಿಯ ಕಥೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ನಮ್ಮ ನಾಲ್ಕು ಜಿಲ್ಲೆಗಳೂ ಅದರಲ್ಲಿ ಇದ್ದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅಂಥದೇ ಚಪ್ಪಲಿ ತೋರಿಸಿದಾಗ ಕೆಲವು ವಕೀಲರು ಬಾಂಬೆ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ನೋಂದಣಿ ಇರುವ ಮಾಲೀಕರೇ ಬರಲಿ ಎಂದು ಕೋರ್ಟು ಅದನ್ನು ತಳ್ಳಿಹಾಕಿತು. ಆ ಮಾಲೀಕರಲ್ಲಿ ನಮ್ಮ ರಾಜ್ಯದ ಲಿಡ್ಕರ್ ನಿಗಮವೂ ಒಂದು. ಕೇಸು ಹಾಕುವ ಅಧಿಕಾರ ಯಾರಿಗಿದೆ ಎಂಬ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲಿ ಸಿಕ್ಕೀತು? ಚರ್ಮ ಹದ ಮಾಡುವ ಕೈಗಳ ಪರವಾಗಿ ಮುಂದೊಂದು ದಿನ ಅಥಣಿಯ ಮಗಳೊಬ್ಬಳು ನಿಂತು ವಾದಿಸಲಿ ಎಂಬುದು ನನ್ನ ಬಹುದಿನದ ಆಸೆ.

ಮುಂಬೈಗೆ ಹೋಗಿ ಸಾಲಿಸಿಟರ್ ಆಗುವ ಮಾತನ್ನೂ ನೀನು ಎತ್ತಿದ್ದೆ. ಅಲ್ಲಿ ಬಾಂಬೆ ಇನ್‌ಕಾರ್ಪೊರೇಟೆಡ್ ಲಾ ಸೊಸೈಟಿ ಇಂದಿಗೂ ಆ ಪರೀಕ್ಷೆ ನಡೆಸುತ್ತದೆ, ಆರ್ಟಿಕಲ್‌ಶಿಪ್ ಮಾಡಿದವರು ಬರೆಯುತ್ತಾರೆ. ಕಂಪನಿ ಕೆಲಸದಲ್ಲಿ ಮನಸ್ಸಿದ್ದರೆ ಹೋಗು. ನನ್ನನ್ನು ಕೇಳಿದರೆ ನಿನಗೆ ಒಗ್ಗುವುದು ನ್ಯಾಯಾಧೀಶರ ಪರೀಕ್ಷೆ. 2025ರ ಮೇ 20ರ ತೀರ್ಪಿನಿಂದ ಅದಕ್ಕೆ ಮೂರು ವರ್ಷದ ವಕೀಲಿ ಬೇಕು, ತಾತ್ಕಾಲಿಕ ಸನದಿನ ದಿನದಿಂದಲೇ ಲೆಕ್ಕ ಹಿಡಿಯುತ್ತಾರೆ. ಆದ್ದರಿಂದ ಪದವಿ ಮುಗಿದ ಕೂಡಲೇ ನೋಂದಣಿ ಮಾಡಿಸು. ಅದಕ್ಕಾಗಿ ಅಪ್ಪ ಸಾಲ ತೆಗೆಯುವುದು ಬೇಡ: ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125 ದಾಟಬಾರದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದೆ. ಆ ಮೂರು ವರ್ಷ ಚಿಕ್ಕೋಡಿ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಪಾಟೀಸವಾಲು ಕೇಳು. ಕರ್ನಾಟಕದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ 100 ಅಂಕದ ಒಂದು ಪತ್ರಿಕೆ ಇದೆ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುತ್ತ ಬೆಳೆದ ನೀನು ದಿನಕ್ಕೆ ಹತ್ತು ಸಲ ಭಾಷಾಂತರ ಮಾಡುತ್ತೀ, ಗಮನಿಸಿಲ್ಲ ಅಷ್ಟೇ. 1956ರವರೆಗೆ ನಾವು ಮುಂಬೈ ರಾಜ್ಯದಲ್ಲಿದ್ದವರು, ನಮ್ಮ ಮನೆಗಳ ಹಳೇ ಕಾಗದಗಳೆಲ್ಲ ಮರಾಠಿ, ಕೆಲವು ಮೋಡಿ ಲಿಪಿಯವು. ಅವನ್ನು ಓದಬಲ್ಲ ವಕೀಲರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಬರುವ ರವಿವಾರ ಮುಂಜಾನೆಯ ಗಾಡಿಗೇ ಬಾ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಬೇರ್ ಆ್ಯಕ್ಟ್ ನನ್ನಲ್ಲಿದೆ, 6ನೇ ಕಲಮಿನಿಂದ ಶುರು ಮಾಡೋಣ. ಅಜ್ಜನ ಟ್ರಂಕಿನಲ್ಲಿರುವ ಆ ವಾಟ್ನಿ ಪತ್ರವನ್ನೂ, ಈ ವರ್ಷದ ಉತಾರವನ್ನೂ ಮರೆಯದೆ ತಾ. ಅತ್ತೆಗೆ ಬಿಡುವಿದ್ದರೆ ಮಿರಜಿನಿಂದ ಅವಳೂ ಬರಲಿ.