ಬೀಜದಿಂದ ಶ್ರೀಗಂಧದ ಸಸಿಗಳನ್ನು ಬೆಳೆಸುವ ಕ್ರಮ

ಶ್ರೀಗಂಧದ ಬೀಜವು ಚೆನ್ನಾಗಿ ಮೊಳೆತರೂ, ಸಸಿಗಳು ಕೆಲಕಾಲದಲ್ಲಿಯೇ ಸೊರಗಿ ಸಾಯುವುದುಂಟು. ಆಸರೆ ಗಿಡವಿಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣವು. ಶ್ರೀಗಂಧವು ನೆರೆಗಿಡದ ಬೇರುಗಳಿಗೆ ತನ್ನ ಬೇರುಗಳನ್ನು ಕಚ್ಚಿಸಿ, ನೀರನ್ನೂ ಲವಣಾಂಶಗಳನ್ನೂ ಹೀರಿ ಬೆಳೆಯತಕ್ಕ ಮರವಾಗಿದೆ.

ಕಪ್ಪಾಗಿ ಮಾಗಿದ ಹಣ್ಣುಗಳನ್ನು ಆಯ್ದು, ತಿರುಳನ್ನು ತೊಳೆದು, ಬೀಜಗಳನ್ನು ನೆರಳಿನಲ್ಲಿ ಒಣಗಿಸತಕ್ಕದ್ದು. ಹೊಸ ಬೀಜವು ಸುಮಾರು 2 ತಿಂಗಳು ಮೊಳೆಯದೆ ಸುಪ್ತವಾಗಿರುವುದು. ಆ ಅವಧಿ ಕಳೆದ ಮೇಲೆ ಮರಳು ಬೆರೆಸಿದ ಮಡಿಯಲ್ಲಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ, ಹುಲ್ಲು ಹೊದಿಸಬೇಕು. ಮೊಳಕೆ ಕಂಡೊಡನೆ ಹುಲ್ಲನ್ನು ತೆಗೆಯಬೇಕು. ಮಡಿಯಲ್ಲಿ ನೀರು ನಿಲ್ಲಕೂಡದು.

ನಾಲ್ಕಾರು ಎಲೆಗಳೊಡೆದ ಸಸಿಯನ್ನು ಬೇರಿಗೆ ಪೆಟ್ಟಾಗದಂತೆ ಕಿತ್ತು, ಮಣ್ಣು ತುಂಬಿದ ಚೀಲದಲ್ಲಿ ನೆಟ್ಟು, ಪಕ್ಕದಲ್ಲಿ ತೊಗರಿಯನ್ನು ಬಿತ್ತತಕ್ಕದ್ದು. ತೊಗರಿಯು ಸಸಿಯನ್ನು ಮೀರಿ ಬೆಳೆದಲ್ಲಿ ಅದರ ಕುಡಿಯನ್ನು ಚಿವುಟುವುದು, ಬೇರುಸಹಿತ ಕೀಳಬಾರದು. ತೊಗರಿಯು ಅಲ್ಪಾಯುವಾದುದರಿಂದ, ಹೊಲದಲ್ಲಿ ಹೊಂಗೆ, ಸರ್ವೆ ಮುಂತಾದ ಬಹುಕಾಲ ಬಾಳುವ ಮರಗಳನ್ನು ಸಮೀಪದಲ್ಲಿ ಬೆಳೆಸಬೇಕು.

2001ನೆಯ ಇಸವಿಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಸ್ವಂತ ಹಿಡುವಳಿಯ ಶ್ರೀಗಂಧವು ಹಿಡುವಳಿದಾರನ ಸ್ವತ್ತೆನಿಸಿದೆ. ಆದರೆ ಮರದಲ್ಲಿ ಚೇಗು ಬಲಿಯಲು ಅನೇಕ ವರ್ಷಗಳು ಬೇಕು. ಆಸರೆಯಿಲ್ಲದೆ ನೆಟ್ಟವನು ಸಸಿಯೊಡನೆ ಆ ವರ್ಷಗಳನ್ನೂ ಕಳೆದುಕೊಳ್ಳುವನು. ಆದುದರಿಂದ ಶ್ರೀಗಂಧವನ್ನು ನೆಡುವ ಮೊದಲೇ ಅದರ ಜೊತೆಗಿಡವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.